ಅಶ್ವಾರೋಹಿಯ ಆಸನವೂ ಚಲನಸಂವೇದಕಗಳೂ

೧

ಮುಂಗಾರು ಬಲಿತು ಪುಣೆಯ ಕ್ಯಾಂಟೋನ್ಮೆಂಟಿನ ರೇಸಿನ ಮೈದಾನ ಹಸಿರಾಗುವ ಹೊತ್ತಿಗೆ ಇಲ್ಲಿ ಕುದುರೆಪಂದ್ಯಗಳ ಋತು ಆರಂಭವಾಗುತ್ತದೆ. ನಗರದ ನೈರುತ್ಯಕ್ಕಿರುವ ಖಡಕವಾಸಲೆಯಲ್ಲಿ, ೧೯೫೫ರ ಜನವರಿಯಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟರು ಕುದುರೆಸವಾರಿಯನ್ನು ತಮ್ಮ ಶಿಕ್ಷಣದ ಒಂದು ಅಂಗವಾಗಿ ಕಲಿಯುತ್ತಾರೆ. ಒಂದೇ ಊರಿನಲ್ಲಿ ಕಾಣಸಿಗುವ ಈ ಎರಡು ಸವಾರಿಗಳ ರೂಪ ಪರಸ್ಪರ ಭಿನ್ನವಾದುದು. ಪಂದ್ಯದ ಜಾಕಿಯು ರಿಕಾಪುಗಳನ್ನು ಗಿಡ್ಡ ಮಾಡಿಕೊಂಡು, ಜೀನಿನಿಂದ ಮೇಲೆದ್ದು, ಮೊಣಕಾಲುಗಳನ್ನು ಮಡಿಸಿ, ಬೆನ್ನನ್ನು ಕುದುರೆಯ ಕತ್ತಿನ ಮೇಲೆ ಬಾಗಿಸುತ್ತಾನೆ. ಕೆಡೆಟನಾದರೋ ಉದ್ದವಾದ ರಿಕಾಪಿನಲ್ಲಿ ಕಾಲಿರಿಸಿ ನೆಟ್ಟಗೆ ಕುಳಿತಿರುತ್ತಾನೆ. ಇವರಲ್ಲಿ ಯಾರ ಆಸನ ಸರಿಯಾದುದು? ಇಬ್ಬರದೂ ಸರಿಯೆನ್ನುವುದಾದರೆ, ಹೊರನೋಟಕ್ಕೆ ಇಷ್ಟು ಬೇರೆಯಾದ ಎರಡು ಭಂಗಿಗಳಲ್ಲಿ ಸಮಾನವಾಗಿರುವ ಗುಣ ಯಾವುದು?

ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಯನ್ನು ಬಿಡಿಸಲು ಹೊಸದೊಂದು ಸಾಧನ ದೊರೆತಿದೆ. ಬೆಂಕಿಪೆಟ್ಟಿಗೆಯಷ್ಟು ಗಾತ್ರದ, ಸವಾರನ ಸೊಂಟ, ಬೆನ್ನು, ತಲೆಗಳಿಗೂ ಕುದುರೆಯ ಮೈಗೂ ಕಟ್ಟಬಹುದಾದ ಚಲನಸಂವೇದಕಗಳೇ ಆ ಸಾಧನ. ಅವು ಹೇಗೆ ಕೆಲಸ ಮಾಡುತ್ತವೆ, ಈವರೆಗೆ ಏನನ್ನು ತೋರಿಸಿಕೊಟ್ಟಿವೆ, ಯಾವ ಎಡೆಯಲ್ಲಿ ನಮ್ಮ ನಂಬಿಕೆಗೆ ತಕ್ಕವಲ್ಲ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಮುಂದೆ ವಿವರಿಸಲಿರುವ ಸಂಗತಿಗಳ ಸಾರವನ್ನು ಮೊದಲೇ ಹೇಳಬಹುದು: ಸವಾರನ ಉತ್ತಮ ಆಸನವನ್ನು ನಾವು ಬಹುಕಾಲದಿಂದ ಒಂದು ಆಕಾರವೆಂದು ಎಣಿಸಿದ್ದೆವು, ಅದು ಮುಖ್ಯವಾಗಿ ಕಾಲಕ್ಕೆ ಸಂಬಂಧಿಸಿದ ಗುಣವೆಂದು ಈ ಯಂತ್ರಗಳು ತಿಳಿಸುತ್ತಿವೆ.

ಇದು ಕ್ರೀಡಾಪ್ರಿಯರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವೆಂದು ಭಾವಿಸಬಾರದು. ಸವಾರನ ಆಸನದೋಷದ ಫಲವನ್ನು ಮೊದಲು ಉಣ್ಣುವುದು ಕುದುರೆಯ ಬೆನ್ನು. ಆ ಮೂಕಪ್ರಾಣಿಗೆ ನೋವನ್ನು ಹೇಳಿಕೊಳ್ಳಲು ಬಾಯಿಲ್ಲ. ಕುಂಟಿದಾಗ ಮಾತ್ರ ನಮಗೆ ತಿಳಿಯುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಎರಡನೆಯದಾಗಿ, ಬೆನ್ನುನೋವು ಸವಾರರಲ್ಲಿಯೂ ಸಾಮಾನ್ಯವಾದ ಬಾಧೆ. ಆದುದರಿಂದ ಎರಡು ಬೆನ್ನೆಲುಬುಗಳ ಕ್ಷೇಮ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

೨

ಕನ್ನಡದಲ್ಲಿ ಶರೀರದ ಇರವನ್ನು ಹೇಳುವ ಶಬ್ದಗಳು ಹಲವು. 'ನಿಲುವು' ಎಂಬುದು ನಿಲ್ಲುವ ಕ್ರಿಯೆಯಿಂದ ಬಂದದ್ದು. 'ಆಸನ' ಕುಳ್ಳಿರುವುದನ್ನು ಸೂಚಿಸುತ್ತದೆ. 'ಭಂಗಿ'ಯಲ್ಲಿ ಬಾಗಿನ ಅರ್ಥವಿದೆ. ನಮ್ಮ ಶಿಲ್ಪಿಗಳು ಸಮಭಂಗ, ಆಭಂಗ, ತ್ರಿಭಂಗಗಳೆಂದು ಅದರ ಪ್ರಭೇದಗಳನ್ನು ಗುರುತಿಸಿದರು. ಈ ಮೂರು ಶಬ್ದಗಳೂ ನಿಶ್ಚಲವಾದ ಶರೀರವನ್ನು, ಅಥವಾ ಚಲಿಸುವ ಶರೀರದ ಒಂದು ಕ್ಷಣವನ್ನು, ಮನಸ್ಸಿಗೆ ತರುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆ, ಸಿಂಹ, ಬಳ್ಳಿಗಳ ಪಟ್ಟಿಕೆಗಳ ಮೇಲೆ ಸಾಲುಗೊಂಡು ಸಾಗುವ ರಾವುತರನ್ನು ಕಂಡವರಿಗೆ ಇದರ ಅನುಭವ ಉಂಟು. ಶಿಲ್ಪಿಯ ಉಳಿ ಹಿಡಿದದ್ದು ಒಂದು ಕ್ಷಣವನ್ನು. ಅದರ ಹಿಂದಿನ ಮುಂದಿನ ಕ್ಷಣಗಳನ್ನು ನೋಡುವವನು ತಾನೇ ತುಂಬಿಕೊಳ್ಳಬೇಕು.

ಕುದುರೆಸವಾರಿಗೆ ಸಂಬಂಧಿಸಿದ ಶಬ್ದಸಂಪತ್ತು ನಮ್ಮಲ್ಲಿ ಕಡಿಮೆಯೇನಲ್ಲ. ಹಲ್ಲಣ, ಅಂಕವಣೆ, ವಾಘೆ, ಕಡಿವಾಣ ಮುಂತಾದ ಮಾತುಗಳು ಹಿಂದಿನಿಂದ ಬಂದವು; ಇವುಗಳಲ್ಲಿ ಮೊದಲೆರಡರ ಸ್ಥಾನವನ್ನು ಅನಂತರ ಜೀನು, ರಿಕಾಪುಗಳು ಆಕ್ರಮಿಸಿದುವು. ನಾಲ್ಕು ಕಾಲುಗಳ ಓಟವೆಂಬ ಅರ್ಥದ 'ನಾಗಾಲೋಟ' ಇಂದಿಗೂ ಜನರ ಬಾಯಲ್ಲಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ, ನಾಲ್ಕನೆಯ ದಶಕಗಳಲ್ಲಿ ಆಳಿದವನು. ಅವನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಾಜಿವಾಹ್ಯಾಳಿವಿನೋದವೆಂಬ ಭಾಗವಿದ್ದು, ಕುದುರೆಯೇರಿ ಕೋಲಿನಿಂದ ಚೆಂಡನ್ನು ಹೊಡೆಯುವ, ಇಂದಿನ ಪೋಲೋವನ್ನು ಹೋಲುವ ಆಟದ ವರ್ಣನೆ ಅಲ್ಲಿ ದೊರೆಯುತ್ತದೆ. ಓಡುವ ಕುದುರೆಯ ಮೇಲಿಂದ ನೆಲದ ಚೆಂಡನ್ನು ಹೊಡೆಯುವವನು ಕಲ್ಲಿನ ಪ್ರತಿಮೆಯಂತೆ ಕುಳಿತಿರಲಾರನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗ್ರೀಸಿನ ಝೆನೋಫನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಬರೆದ ಗ್ರಂಥದಲ್ಲಿ, ಸವಾರನು ಕುರ್ಚಿಯ ಮೇಲೆ ಕೂಡುವಂತೆ ಕೂಡದೆ, ಕಾಲುಗಳನ್ನು ಅಗಲಿಸಿ ನೆಟ್ಟಗೆ ನಿಂತವನಂತೆ ಇರಬೇಕೆಂದು ಬೋಧಿಸಿದನು. ಯುರೋಪಿನ ಸವಾರಿಶಾಲೆಗಳಲ್ಲಿ ಇದೇ ಬೋಧೆ ಒಂದು ಸೂತ್ರದ ರೂಪವನ್ನು ತಾಳಿತು: ಪಕ್ಕದಿಂದ ನೋಡಿದರೆ ಸವಾರನ ಕಿವಿ, ಭುಜ, ಸೊಂಟ, ಹಿಮ್ಮಡಿಗಳು ಒಂದೇ ಲಂಬರೇಖೆಯಲ್ಲಿರಬೇಕು. ಪ್ರಪಂಚದಾದ್ಯಂತ ಶಿಕ್ಷಕರು ಇಂದಿಗೂ ಈ ಗೆರೆಯನ್ನು ಕಣ್ಣಿನಿಂದಲೇ ಎಳೆದು ಶಿಷ್ಯರನ್ನು ತಿದ್ದುತ್ತಾರೆ. ಡ್ರೆಸಾಜ್ ಎಂಬ ಸ್ಪರ್ಧೆಯಲ್ಲಿ ತೀರ್ಪುಗಾರರು ಕುದುರೆಯ ನಡೆಯೊಂದಿಗೆ ಸವಾರನ ಆಸನವನ್ನೂ ಕಣ್ಣಳತೆಯಿಂದಲೇ ಬೆಲೆಕಟ್ಟುತ್ತಾರೆ. ಆದರೆ ಲಂಬರೇಖೆಯನ್ನು ಕಾಪಾಡಬೇಕೆಂಬ ಆತುರದಲ್ಲಿ ಹೊಸಬನು ಮೈಯನ್ನು ಬಿಗಿಹಿಡಿಯುತ್ತಾನೆ. ಬಿಗಿಹಿಡಿದೊಡನೆ ಕುದುರೆಯ ಪ್ರತಿಯೊಂದು ಹೆಜ್ಜೆಗೂ ಅವನು ಜೀನಿನಿಂದ ಮೇಲಕ್ಕೆ ಎಸೆಯಲ್ಪಟ್ಟು ದೊಪ್ಪನೆ ಬೀಳುತ್ತಾನೆ. ಗೆರೆ ಸರಿಯಾಗಿದೆ, ಸವಾರಿ ಕೆಟ್ಟಿದೆ. ಈ ವಿರೋಧವನ್ನು ಬರಿಗಣ್ಣಿನಿಂದ ಬಿಡಿಸುವುದು ಕಷ್ಟ.

೩

ಕಷ್ಟವೇಕೆಂದರೆ, ಕುದುರೆಯ ಚಲನೆ ನಮ್ಮ ಕಣ್ಣಿಗಿಂತ ವೇಗವಾದುದು. ನಾಗಾಲೋಟದಲ್ಲಿರುವ ಪಂದ್ಯದ ಕುದುರೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು ಪೂರ್ಣ ಹೆಜ್ಜೆಗಳನ್ನು ಹಾಕುತ್ತದೆ. ಪ್ರತಿ ಹೆಜ್ಜೆಯಲ್ಲಿಯೂ ನಾಲ್ಕು ಗೊರಸುಗಳು ಬೇರೆಬೇರೆ ಕ್ಷಣಗಳಲ್ಲಿ ನೆಲವನ್ನು ಮುಟ್ಟಿ ಬಿಡುತ್ತವೆ. ಹತ್ತೊಂಬತ್ತನೆಯ ಶತಮಾನದವರೆಗೂ ಯುರೋಪಿನ ಚಿತ್ರಕಾರರು ಓಡುವ ಕುದುರೆಯನ್ನು, ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆದರು. ಫ್ರಾನ್ಸಿನ ಗೆರಿಕೋ ೧೮೨೧ರಲ್ಲಿ ಬರೆದ ಎಪ್ಸಮ್ ಪಂದ್ಯದ ಪ್ರಸಿದ್ಧ ಚಿತ್ರ ಇದಕ್ಕೆ ನಿದರ್ಶನ. ಅಂತಹ ಭಂಗಿ ಓಡುವ ಕುದುರೆಗೆ ಯಾವ ಕ್ಷಣದಲ್ಲಿಯೂ ಒದಗುವುದಿಲ್ಲ.

ಸತ್ಯವನ್ನು ಮೊದಲು ಹಿಡಿದದ್ದು ಕ್ಯಾಮೆರಾ ಅಲ್ಲ, ಮೈಗೆ ಕಟ್ಟಿದ ಯಂತ್ರವೆಂಬುದು ಗಮನಾರ್ಹ. ಫ್ರೆಂಚ್ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೇ ಕುದುರೆಯ ಗೊರಸುಗಳಿಗೆ ಗಾಳಿ ತುಂಬಿದ ರಬ್ಬರಿನ ಸಣ್ಣ ಗೋಲಗಳನ್ನು ಅಳವಡಿಸಿ, ಅವುಗಳಿಂದ ಕೊಳವೆಗಳನ್ನು ಸವಾರನ ಕೈಯಲ್ಲಿದ್ದ ಲೇಖನಯಂತ್ರಕ್ಕೆ ಜೋಡಿಸಿದನು. ಗೊರಸು ನೆಲವನ್ನು ಒತ್ತಿದಾಗ ಗಾಳಿಯ ಒತ್ತಡ ಕೊಳವೆಯಲ್ಲಿ ಸಾಗಿ, ತಿರುಗುವ ಉರುಳೆಯ ಮೇಲೆ ಮುಳ್ಳು ಗೆರೆ ಕೊರೆಯುತ್ತಿತ್ತು. ಹೀಗೆ ಯಾವ ಕಾಲು ಎಷ್ಟು ಹೊತ್ತು ನೆಲದ ಮೇಲಿತ್ತೆಂಬ ದಾಖಲೆ ದೊರೆಯಿತು. ನಾಗಾಲೋಟದಲ್ಲಿ ನಾಲ್ಕು ಕಾಲುಗಳೂ ನೆಲವನ್ನು ಬಿಟ್ಟಿರುವ ಗಳಿಗೆಯೊಂದುಂಟೆಂದು ೧೮೭೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ತಿಳಿಸಿದನು. ಕ್ಯಾಲಿಫೋರ್ನಿಯದ ಧನಿಕ ಲೆಲೆಂಡ್ ಸ್ಟಾನ್‌ಫರ್ಡ್ ಈ ವಿಷಯದಲ್ಲಿ ಆಸಕ್ತಿವಹಿಸಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನಿಗೆ ನೆರವಾದನು. ೧೮೭೮ರಲ್ಲಿ ಸಾಲುಗಟ್ಟಿ ನಿಲ್ಲಿಸಿದ ಕ್ಯಾಮೆರಾಗಳಿಂದ ತೆಗೆದ ಚಿತ್ರಗಳು ಮಾರೇಯ ಮಾತನ್ನು ಸ್ಥಿರಪಡಿಸಿದುವು. ಆ ಗಳಿಗೆಯಲ್ಲಿ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯಡಿ ಮುದುಡಿರುತ್ತವೆ. ಇಂದಿನ ಸಂವೇದಕವು ಮಾರೇಯ ರಬ್ಬರಿನ ಗೋಲದ ನೇರ ವಾರಸುದಾರ.

೪

ಸಾಮಾನ್ಯವಾಗಿ ಇಂತಹ ಸಂವೇದಕದೊಳಗೆ ಮೂರು ಅಂಗಗಳಿರುತ್ತವೆ. ಮೊದಲನೆಯದು ವೇಗೋತ್ಕರ್ಷಮಾಪಕ. ಸಿಲಿಕಾನಿನಲ್ಲಿಯೇ ಕೊರೆದ ಅತಿಸೂಕ್ಷ್ಮವಾದ ಒಂದು ತುಂಡು, ಅದೇ ಸಿಲಿಕಾನಿನ ಎಳೆಗಳ ಮೇಲೆ ತೂಗುತ್ತಿರುತ್ತದೆ. ಪೆಟ್ಟಿಗೆ ಥಟ್ಟನೆ ಚಲಿಸಿದಾಗ ಆ ತುಂಡು ಜಡತ್ವದಿಂದ ಹಿಂದೆ ಉಳಿಯುತ್ತದೆ. ಉಳಿದ ಅಂತರವನ್ನು ವಿದ್ಯುತ್ತಿನ ಮೂಲಕ ಅಳೆದರೆ ವೇಗೋತ್ಕರ್ಷ ತಿಳಿಯುತ್ತದೆ. ಬಸ್ಸು ಒಮ್ಮೆಲೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದು ಇದೇ ನಿಯಮದಿಂದ. ಎರಡನೆಯದು ಗೈರೋಸ್ಕೋಪು. ಇದರಲ್ಲಿ ಒಂದು ಕಣ ಸದಾ ಕಂಪಿಸುತ್ತಿರುತ್ತದೆ. ಪೆಟ್ಟಿಗೆ ತಿರುಗಿದರೆ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಸರಿದ ಪ್ರಮಾಣದಿಂದ ಕೋನವೇಗ ಸಿಗುತ್ತದೆ. ಮೂರನೆಯದು ಭೂಮಿಯ ಕಾಂತಕ್ಷೇತ್ರದಿಂದ ದಿಕ್ಕನ್ನು ತಿಳಿಯುವ ಕಾಂತಮಾಪಕ. ಇವೇ ಅಂಗಗಳು ನಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿಯೂ ಇದ್ದು, ಅದನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವಂತೆ ಮಾಡುತ್ತವೆ.

ಸಂವೇದಕವು ಸೆಕೆಂಡಿಗೆ ನೂರು ಸಲ ಅಥವಾ ಅದಕ್ಕೂ ಹೆಚ್ಚು ಸಲ ಅಳೆದು ಬರೆದಿಡುತ್ತದೆ. ಆದರೆ ಅದಕ್ಕೆ ತಾನು ಎಲ್ಲಿರುವೆನೆಂಬುದು ನೇರವಾಗಿ ತಿಳಿಯದು. ವೇಗೋತ್ಕರ್ಷವನ್ನು ಕಾಲಕ್ರಮದಲ್ಲಿ ಕೂಡಿಸುತ್ತ ಹೋದರೆ ವೇಗ, ವೇಗವನ್ನು ಕೂಡಿಸುತ್ತ ಹೋದರೆ ಸ್ಥಾನ, ಹೀಗೆ ಎರಡು ಸಲ ಸಂಕಲನ ಮಾಡಬೇಕು. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನಗಳೆಯುವ ನನ್ನಂತಹವನಿಗೆ ಇಲ್ಲಿಯ ಅಪಾಯ ಪರಿಚಿತವಾದುದೇ. ಮೊದಲ ಸಾಲಿನ ಅಲ್ಪದೋಷ ಪ್ರತಿ ಸಾಲಿನಲ್ಲಿಯೂ ಮುಂದುವರಿದು ಬೆಳೆಯುತ್ತದೆ. ಅಳತೆಯಲ್ಲಿ ವರ್ಗಸೆಕೆಂಡಿಗೆ ಒಂದೇ ಸೆಂಟಿಮೀಟರಿನಷ್ಟು ಸ್ಥಿರದೋಷವಿದ್ದರೂ, ಒಂದು ನಿಮಿಷದಲ್ಲಿ ಸ್ಥಾನದ ಲೆಕ್ಕ ೧೮ ಮೀಟರು ತಪ್ಪುತ್ತದೆ. ಸವಾರನು ಕುದುರೆಯನ್ನು ಬಿಟ್ಟು ಮರದ ತುದಿಗೆ ಏರಿದನೆಂದು ಯಂತ್ರ ವರದಿಮಾಡಬಹುದು. ಇದಲ್ಲದೆ ವೇಗೋತ್ಕರ್ಷಮಾಪಕಕ್ಕೆ ಭೂಮಿಯ ಗುರುತ್ವವೂ ಚಲನೆಯಿಂದಾದ ತಳ್ಳುವಿಕೆಯೂ ಒಂದೇ ಬಗೆಯಾಗಿ ತೋರುತ್ತವೆ. ಆದುದರಿಂದ ಪೆಟ್ಟಿಗೆ ಎಷ್ಟು ವಾಲಿದೆಯೆಂಬುದನ್ನು ಗೈರೋಸ್ಕೋಪಿನಿಂದ ತಿಳಿದು ಗುರುತ್ವವನ್ನು ಕಳೆಯಬೇಕಾಗುತ್ತದೆ.

ಈ ದೋಷಕ್ಕೆ ವಿಜ್ಞಾನಿಗಳು ಕಂಡುಕೊಂಡ ಪರಿಹಾರ ಸುಂದರವಾಗಿದೆ. ಸಮಗತಿಯಲ್ಲಿ ಓಡುವ ಕುದುರೆಯ ಬೆನ್ನು ಪ್ರತಿ ಹೆಜ್ಜೆಯ ಕೊನೆಗೂ ಹೆಚ್ಚು ಕಡಿಮೆ ತಾನಿದ್ದ ಎತ್ತರಕ್ಕೇ ಮರಳುತ್ತದೆ. ಆದುದರಿಂದ ಹೆಜ್ಜೆಗೊಮ್ಮೆ ಲೆಕ್ಕವನ್ನು ಮುಗಿಸಿ ಹೊಸದಾಗಿ ಆರಂಭಿಸಬಹುದು. ನಾವು ಸಂಜೆ ನಗದನ್ನೆಣಿಸಿ ಪುಸ್ತಕಕ್ಕೆ ತಾಳೆನೋಡುವಂತೆ. ದೋಷ ಬೆಳೆಯಲು ಅರೆ ಸೆಕೆಂಡು, ಮುಕ್ಕಾಲು ಸೆಕೆಂಡಿಗಿಂತ ಹೆಚ್ಚಿನ ಅವಕಾಶ ಅದಕ್ಕೆ ದೊರೆಯುವುದಿಲ್ಲ.

೫

ಇನ್ನು ಫಲಿತಾಂಶಗಳಿಗೆ ಬರೋಣ. ಕುದುರೆಯ ನಡೆಗಳಲ್ಲಿ ಆಸನಪರೀಕ್ಷೆಗೆ ಅತಿ ಕಠಿಣವಾದುದು ಇಂಗ್ಲಿಷಿನಲ್ಲಿ ಟ್ರಾಟ್ ಎಂದೂ ಇಲ್ಲಿಯ ಮರಾಠಿಯಲ್ಲಿ ದುಡಕಿ ಎಂದೂ ಕರೆಯಲಾಗುವ ನಡೆ. ನಿಧಾನದ ನಡಿಗೆಯಲ್ಲಿ ನಾಲ್ಕು ಗೊರಸುಗಳು ಒಂದಾದಮೇಲೊಂದು ಬೀಳುತ್ತವೆ. ದುಡಕಿಯಲ್ಲಾದರೋ ಎಡ ಮುಂಗಾಲು ಬಲ ಹಿಂಗಾಲುಗಳು ಒಮ್ಮೆ, ಬಲ ಮುಂಗಾಲು ಎಡ ಹಿಂಗಾಲುಗಳು ಇನ್ನೊಮ್ಮೆ, ಹೀಗೆ ಕರ್ಣದ ಜೋಡಿಗಳಾಗಿ ಬೀಳುತ್ತವೆ. ಒಂದು ಹೆಜ್ಜೆಯಲ್ಲಿ ಎರಡು ಸಲ ಕುದುರೆಯ ಮೈ ಮೇಲಕ್ಕೆ ನೆಗೆದು ಕೆಳಕ್ಕಿಳಿಯುತ್ತದೆ. ಇದರ ಮೇಲೆ 'ಅಲುಗಾಡದೆ' ಕೂಡಬೇಕೆಂದು ಶಿಕ್ಷಕನು ಹೇಳುತ್ತಾನೆ.

ಕುದುರೆಯ ಬೆನ್ನಿಗೊಂದು, ಸವಾರನ ಸೊಂಟಕ್ಕೊಂದು, ಬೆನ್ನಿಗೊಂದು, ತಲೆಗೊಂದು ಸಂವೇದಕವನ್ನು ಕಟ್ಟಿ ನೋಡಿದರೆ ಈ 'ಅಲುಗಾಡದಿರುವಿಕೆ'ಯ ಒಳಗುಟ್ಟು ಬಯಲಾಗುತ್ತದೆ. ನುರಿತ ಸವಾರನ ಸೊಂಟ ಅಲುಗಾಡುತ್ತಲೇ ಇರುತ್ತದೆ. ಕುದುರೆಯ ಬೆನ್ನು ಏಳುವಾಗ ಅದೂ ಏಳುತ್ತದೆ, ಇಳಿಯುವಾಗ ಇಳಿಯುತ್ತದೆ, ಜೊತೆಗೆ ಹಿಂದಕ್ಕೂ ಮುಂದಕ್ಕೂ ವಾಲಿ ಆ ನೆಗೆತವನ್ನು ನುಂಗಿಕೊಳ್ಳುತ್ತದೆ. ಭುಜ ತಲೆಗಳಿಗೆ ತಲಪುವುದು ಅದರ ಶೇಷ ಮಾತ್ರ. ನೋಡುವವನಿಗೆ ಕಾಣುವುದು ಭುಜ ತಲೆಗಳ ಶಾಂತಿ. ಹೊಸಬನ ಸೊಂಟವೂ ಏಳುತ್ತದೆ, ಇಳಿಯುತ್ತದೆ. ಆದರೆ ತುಸು ತಡವಾಗಿ. ದುಡಕಿಯ ಒಂದು ನೆಗೆತಕ್ಕೆ ಸುಮಾರು ೦.೪ ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೆ, ೦.೦೪ ಸೆಕೆಂಡಿನ ವಿಳಂಬವೆಂದರೆ ಆವರ್ತನದ ಹತ್ತನೆಯ ಒಂದು ಪಾಲು. ಬರಿಗಣ್ಣು ಇದನ್ನು ಅಳೆಯಲಾರದು. ಆದರೆ ಜೀನು ಮೇಲೆದ್ದು ಬರುವಾಗ ಇನ್ನೂ ಕೆಳಕ್ಕಿಳಿಯುತ್ತಿರುವ ಸವಾರನ ಭಾರ ಅದಕ್ಕೆ ಎದುರಾಗಿ ಅಪ್ಪಳಿಸಲು ಇಷ್ಟು ಸಾಕು.

ಜರ್ಮನಿಯ ಮಾಗ್ಡೆಬುರ್ಗಿನ ಕ್ರೀಡಾವಿಜ್ಞಾನಿಗಳು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಸವಾರರನ್ನೂ ಹೊಸಬರನ್ನೂ ಹೀಗೆ ಹೋಲಿಸಲಾಯಿತು. ವೃತ್ತಿಸವಾರರ ಸೊಂಟ ತನ್ನ ಚಲನೆಯ ಮಧ್ಯಸ್ಥಿತಿಗೆ ಹತ್ತಿರವಿದ್ದು, ಕುದುರೆಯ ಚಲನೆಗೆ ಹೆಚ್ಚು ಹೊಂದಿಕೊಳ್ಳುತ್ತಿತ್ತೆಂದು ಅದು ತೋರಿಸಿತು. ಮಧ್ಯಸ್ಥಿತಿಯಲ್ಲಿರುವುದರ ಪ್ರಯೋಜನವನ್ನು ಊಹಿಸುವುದು ಸುಲಭ: ಅಲ್ಲಿಂದ ಎರಡು ಕಡೆಗೂ ಸರಿಯಲು ಎಡೆಯಿರುತ್ತದೆ. ಬಿಗಿಹಿಡಿದು ಒಂದು ತುದಿಗೆ ತಲಪಿದ ಸೊಂಟಕ್ಕೆ ಮುಂದೆ ಹೋಗಲು ದಾರಿಯಿಲ್ಲ.

ಎರಡನೆಯ ಫಲಿತಾಂಶ ಕುದುರೆಯ ಕ್ಷೇಮಕ್ಕೆ ಇನ್ನೂ ಹತ್ತಿರವಾದುದು. ದುಡಕಿಯಲ್ಲಿ ಸವಾರರು ಅನೇಕವೇಳೆ ಒಂದು ನೆಗೆತಕ್ಕೆ ರಿಕಾಪಿನ ಮೇಲೆ ಎದ್ದು, ಮರುನೆಗೆತಕ್ಕೆ ಜೀನಿನಲ್ಲಿ ಕೂಡುತ್ತಾರೆ. ಇದರಿಂದ ಸವಾರನಿಗೆ ಸುಖ. ಕುದುರೆಗೂ ಸುಖವೆಂದೇ ತಿಳಿಯಲಾಗಿದೆ. ಆದರೆ ಕೂಡುವುದು ಯಾವಾಗಲೂ ಒಂದೇ ಕರ್ಣಜೋಡಿಯ ಮೇಲೆ. ಸ್ವೀಡನ್ನಿನ ಕೃಷಿವಿಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ೨೦೧೮ರಲ್ಲಿ, ಈ ಏಳುಕೂಡು ಸವಾರಿಯಿಂದ ಕುದುರೆಯ ಹಿಂಭಾಗದ ಚಲನೆ ಎಡಬಲಗಳಲ್ಲಿ ಅಸಮವಾಗುವುದೆಂದೂ, ಆ ಅಸಮತೆ ಹಿಂಗಾಲಿನ ಸೌಮ್ಯವಾದ ಕುಂಟಿನಂತೆ ತೋರಬಹುದೆಂದೂ ಸಂವೇದಕಗಳ ಸಹಾಯದಿಂದ ತಿಳಿಸಿದರು. ಇದರಿಂದ ಎರಡು ಪಾಠಗಳು ಸಿಗುತ್ತವೆ. ಕೂಡುವ ಜೋಡಿಯನ್ನು ಆಗಾಗ ಬದಲಿಸಬೇಕೆಂದು ಹಳೆಯ ಶಿಕ್ಷಕರು ಹೇಳುತ್ತಿದ್ದುದಕ್ಕೆ ಆಧಾರವುಂಟು ಎಂಬುದೊಂದು. ಕುದುರೆ ಕುಂಟುತ್ತಿದೆಯೇ ಎಂದು ಪರೀಕ್ಷಿಸುವ ಪಶುವೈದ್ಯನು ಮೇಲೆ ಕುಳಿತವನು ಹೇಗೆ ಕುಳಿತಿದ್ದನೆಂಬುದನ್ನೂ ಕೇಳಬೇಕು ಎಂಬುದಿನ್ನೊಂದು.

೬

ಈಗ ಜಾಕಿಯ ವಿಷಯ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಇಂಗ್ಲೆಂಡಿನ ಜಾಕಿಗಳು ಉದ್ದ ರಿಕಾಪುಗಳಲ್ಲಿ ನೆಟ್ಟಗೆ ಕುಳಿತೇ ಪಂದ್ಯವಾಡುತ್ತಿದ್ದರು. ಅಮೆರಿಕದ ಟಾಡ್ ಸ್ಲೋನ್ ೧೮೯೭ರಲ್ಲಿ ಇಂಗ್ಲೆಂಡಿಗೆ ಬಂದು ಮುದುಡಿಕೊಂಡು ಸವಾರಿ ಮಾಡಿದಾಗ ನೋಡಿದವರು ಅದನ್ನು ಕೋತಿಯ ಭಂಗಿಯೆಂದು ನಕ್ಕರು. ಅವನು ಗೆಲ್ಲುತ್ತ ಹೋದಾಗ ನಗು ನಿಂತು ಅನುಕರಣೆ ಆರಂಭವಾಯಿತು. ಭಂಗಿ ಬದಲಾದ ಆ ಕಾಲದಲ್ಲಿ, ಎಂದರೆ ೧೯೦೦ರ ಸುಮಾರಿಗೆ, ಪ್ರಮುಖ ಪಂದ್ಯಗಳ ಕಾಲ ಶೇಕಡ ೫ರಿಂದ ೭ರಷ್ಟು ಸುಧಾರಿಸಿತು. ಗಾಳಿಯ ತಡೆ ಕಡಿಮೆಯಾದುದೇ ಇದಕ್ಕೆ ಕಾರಣವೆಂದು ಅನೇಕರು ಊಹಿಸಬಹುದು.

ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಪ್ಫಾವ್, ವಿಲ್ಸನ್ ಮತ್ತು ಅವರ ಸಂಗಡಿಗರು ಕುದುರೆಗೂ ಜಾಕಿಗೂ ಸಂವೇದಕಗಳನ್ನು ಕಟ್ಟಿ ಪರಿಶೀಲಿಸಿ, ೨೦೦೯ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬೇರೊಂದು ಕಾರಣವನ್ನು ಮುಂದಿಟ್ಟರು. ಓಡುವ ಕುದುರೆಯ ಮೈ ಪ್ರತಿ ಹೆಜ್ಜೆಯಲ್ಲಿಯೂ ಮೇಲೆ ಕೆಳಗೆ ಆಡುವುದಲ್ಲದೆ, ಮುಂದಕ್ಕೆ ನುಗ್ಗಿ ತುಸು ತಡೆಯುತ್ತ ಸಾಗುತ್ತದೆ. ಬೆನ್ನಿಗೆ ಬಿಗಿದ ಗಟ್ಟಿ ಹೊರೆಯಿದ್ದರೆ ಕುದುರೆಯು ಅದನ್ನೂ ಪ್ರತಿ ಸಲ ಎತ್ತಿ ಇಳಿಸಬೇಕು, ನೂಕಿ ತಡೆಯಬೇಕು. ಮುದುಡಿದ ಜಾಕಿಯಾದರೋ ತನ್ನ ಮೊಣಕಾಲು ಸೊಂಟಗಳನ್ನು ಸ್ಪ್ರಿಂಗಿನಂತೆ ಮಡಿಸಿ ಬಿಚ್ಚುತ್ತ, ಕುದುರೆಯ ಮೈ ಕೆಳಗೆ ಕುಣಿಯುತ್ತಿದ್ದರೂ ತನ್ನ ಮೈಯನ್ನು ಆ ಕುಣಿತದಿಂದ ಬೇರ್ಪಡಿಸಿಕೊಳ್ಳುತ್ತಾನೆ. ಕುದುರೆಯು ಅವನ ಭಾರವನ್ನು ಹೊರುವುದು ತಪ್ಪದು. ಆದರೆ ಆ ಭಾರವನ್ನು ಹೆಜ್ಜೆಹೆಜ್ಜೆಗೂ ಕುಣಿಸುವ ಶ್ರಮ ತಪ್ಪುತ್ತದೆ. ಬಿದಿರಿನ ಅಡ್ಡೆಯಲ್ಲಿ ಕೊಡಗಳನ್ನು ಹೊತ್ತು ಓಡುನಡಿಗೆಯಲ್ಲಿ ಸಾಗುವವರನ್ನು ಕಂಡವರು ಇದನ್ನು ಕೂಡಲೇ ಗ್ರಹಿಸಬಲ್ಲರು. ಬಿದಿರು ಬಳುಕುವುದರಿಂದ ಹೆಗಲು ಏರಿಳಿದರೂ ಕೊಡಗಳು ಅಷ್ಟಾಗಿ ಏರಿಳಿಯುವುದಿಲ್ಲ. ಹೆಗಲಿಗೆ ಪೆಟ್ಟು ಕಡಿಮೆ.

ಆ ಬಳುಕಿನ ಬೆಲೆಯನ್ನು ತೆರುವವನು ಜಾಕಿ. ಪಂದ್ಯದ ವೇಳೆ ಅವನ ಹೃದಯದ ಬಡಿತ ಗರಿಷ್ಠಮಿತಿಯ ಹತ್ತಿರಕ್ಕೆ ಹೋಗುತ್ತದೆಂದು ಅದೇ ಅಧ್ಯಯನ ಹೇಳುತ್ತದೆ. ಕುದುರೆ ಓಡುತ್ತದೆ,' ಅವನು ಕುಳಿತಿರುತ್ತಾನೆ' ಎಂಬ ಜನಾಭಿಪ್ರಾಯ ಎಷ್ಟು ತಪ್ಪೆಂಬುದು ಇದರಿಂದ ವಿದಿತವಾಗುತ್ತದೆ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನೆಟ್ಟಗೆ ಕುಳಿತ ಕೆಡೆಟನು ತನ್ನ ಸೊಂಟವನ್ನು ಕುದುರೆಯ ಚಲನೆಯೊಡನೆ ಒಂದಾಗಿಸುತ್ತಾನೆ. ಮುದುಡಿದ ಜಾಕಿಯು ತನ್ನ ಮೈಯನ್ನು ಅದರಿಂದ ಬಿಡಿಸಿಕೊಳ್ಳುತ್ತಾನೆ. ಮಾರ್ಗಗಳು ವಿರುದ್ಧ; ಗುಣ ಒಂದೇ. ಕುದುರೆಯ ಹೆಜ್ಜೆಯ ಕಾಲವನ್ನು ಅರಿತು, ಅದಕ್ಕೆ ಎದುರಾಗಿ ಬೀಳದಿರುವುದೇ ಆ ಗುಣ. ಇದಕ್ಕೆ ಆಸನ, ಭಂಗಿ, ನಿಲುವುಗಳಿಗಿಂತ ಒಪ್ಪುವ ಶಬ್ದ ಕನ್ನಡದಲ್ಲಿದೆ, ಅದು 'ಹದ'. ಪಾಕಕ್ಕೆ ಹದವುಂಟು, ಬಿತ್ತನೆಯ ಮಣ್ಣಿಗೆ ಹದವುಂಟು. ಎರಡರಲ್ಲಿಯೂ ಸಮಯಜ್ಞಾನವೇ ಜೀವಾಳ. ಸವಾರನ ಹದವೂ ಅದೇ ಜಾತಿಯದು.

೭

ಯಂತ್ರದ ಗುಣಗಳನ್ನು ಹೇಳಿದಮೇಲೆ ಅದರ ಮಿತಿಗಳನ್ನೂ ಹೇಳುವುದು ನ್ಯಾಯ. ಸಂವೇದಕವು ತನ್ನ ಚಲನೆಯನ್ನು ಅಳೆಯುತ್ತದೆ, ಎಲುಬಿನ ಚಲನೆಯನ್ನಲ್ಲ. ಪಟ್ಟಿ ಸಡಿಲವಾಗಿದ್ದರೆ ಅಂಗಿಯ ಓಲಾಟವೇ ಬೆನ್ನಿನ ಓಲಾಟವೆಂದು ದಾಖಲಾಗುತ್ತದೆ. ಕಬ್ಬಿಣದ ರಿಕಾಪು, ಲಾಳ, ಹತ್ತಿರದ ಬೇಲಿಗಳು ಕಾಂತಮಾಪಕದ ದಿಕ್ಕನ್ನು ಕೆಡಿಸಬಲ್ಲವು. ಕುದುರೆ ತಿರುಗುವಾಗ, ಬೇಲಿ ಹಾರುವಾಗ, ಗತಿಯನ್ನು ಬದಲಿಸುವಾಗ ಹೆಜ್ಜೆಗೊಮ್ಮೆ ಲೆಕ್ಕ ಮುಗಿಸುವ ಉಪಾಯ ಸರಿಹೊಂದದು. ಇಂತಹ ಅಧ್ಯಯನಗಳಲ್ಲಿ ಪರೀಕ್ಷೆಗೆ ಒಳಗಾದ ಸವಾರರ ಸಂಖ್ಯೆ ಸಾಮಾನ್ಯವಾಗಿ ಅಲ್ಪವಾದುದರಿಂದ, ಅವುಗಳಿಂದ ಸಾರ್ವತ್ರಿಕ ನಿಯಮಗಳನ್ನು ಹೊರಡಿಸುವಾಗ ಎಚ್ಚರ ಬೇಕು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದುಂಟು. ಚಲನೆಯನ್ನು ಅಳೆಯುವ ಯಂತ್ರ ಬಲವನ್ನು ನೇರವಾಗಿ ಅಳೆಯದು. ವಾಘೆಯನ್ನು ಎಳೆದ ಕೈಯ ಒರಟುತನ, ತೊಡೆಯ ಒತ್ತಡ, ಜೀನು ಒತ್ತಿದ ಕಡೆಯ ಉರಿ, ಇವು ಅದರ ಲೆಕ್ಕಕ್ಕೆ ಹೊರಗು. ಅಸಮತೆ ಕಂಡಿತೆಂದರೆ ಅದಕ್ಕೆ ಕಾರಣ ಕುದುರೆಯೋ ಸವಾರನೋ ಜೀನೋ ಎಂದು ಅದು ಹೇಳದು. ಕಿವಿಯನ್ನು ಹಿಂದಕ್ಕೆ ಮಡಿಸಿದ, ಬಾಲವನ್ನು ಬೀಸುತ್ತಿರುವ, ಜೀನು ಹಾಕಲು ಹೋದಾಗ ಕಚ್ಚಲು ಬರುವ ಕುದುರೆಯ ಭಾಷೆಯನ್ನು ಲಾಯದ ಸೈಸನು ಬಲ್ಲನು. ಆ ಅರಿವಿಗೆ ಯಂತ್ರ ಪೂರಕವಾಗಬೇಕೇ ಹೊರತು ಅದನ್ನು ತೊಲಗಿಸಬಾರದು. ಅಂಕಿಗಳು ಕೈಗೆ ಬಂದೊಡನೆ ಕಣ್ಣನ್ನು ಮುಚ್ಚಿಕೊಳ್ಳುವ ಚಾಳಿ ಲೆಕ್ಕದ ಮನೆಗಳಲ್ಲಿ ಹೇಗೋ ಹಾಗೆ ಲಾಯಗಳಲ್ಲಿಯೂ ಹರಡಬಹುದು.

ಈ ಅಂಕಿಗಳು ಯಾರ ಸೊತ್ತು ಎಂಬ ಪ್ರಶ್ನೆಯೂ ಇದೆ. ಜಾಕಿಯ ಸೊಂಟಕ್ಕೆ ಕಟ್ಟಿದ ಯಂತ್ರದ ವರದಿ ಕುದುರೆಯ ಯಜಮಾನನ ಕೈಗೆ ಹೋದರೆ, ಅದು ಶಿಕ್ಷಣದ ಸಾಧನವಾಗದೆ ಒಬ್ಬನ ಹೊಟ್ಟೆಯ ಪಾಡನ್ನು ತೀರ್ಮಾನಿಸುವ ಸಾಧನವಾಗಬಹುದು. ಅಳೆಯಿಸಿಕೊಂಡವನಿಗೆ ತನ್ನ ಅಳತೆಯನ್ನು ನೋಡುವ, ಪ್ರಶ್ನಿಸುವ ಅಧಿಕಾರವಿರಬೇಕೆಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳುವುದು ಲೇಸು.

೮

ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆಯಿದೆ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಗೆದ್ದ ಕುದುರೆದಂಡಿನಲ್ಲಿ ಜೋಧಪುರದವರೊಡನೆ ಮೈಸೂರು ಲ್ಯಾನ್ಸರ್ಸ್ ದಳವೂ ಇದ್ದಿತು. ಸಂಸ್ಥಾನಗಳ ಅಶ್ವದಳಗಳು ಸ್ವಾತಂತ್ರ್ಯಾನಂತರ ವಿಲೀನಗೊಂಡು ೧೯೫೩ರಲ್ಲಿ ೬೧ನೆಯ ಕ್ಯಾವಲ್ರಿ ರಚಿತವಾಯಿತು. ಬೆಂಗಳೂರಿನ ಫವಾದ್ ಮಿರ್ಜಾ ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ಈವೆಂಟಿಂಗ್ ಸ್ಪರ್ಧೆಯ ವೈಯಕ್ತಿಕ ರಜತಪದಕವನ್ನು ಗೆದ್ದು, ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ೨೩ನೆಯ ಸ್ಥಾನವನ್ನು ಪಡೆದರು. ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ತಂಡ, ಆಸನವೇ ಪ್ರಾಣವಾಗಿರುವ ಡ್ರೆಸಾಜ್ ಸ್ಪರ್ಧೆಯಲ್ಲಿ ಸ್ವರ್ಣಪದಕವನ್ನು ಗಳಿಸಿತು.

ಆದರೆ ಪದಕಗಳಿಗಿಂತ ಹತ್ತಿರದ ಉಪಯೋಗಗಳು ಬೇರೆ ಇವೆ. ಖಡಕವಾಸಲೆಯ ಅಕಾಡೆಮಿಗೆ ೨೦೨೨ರಿಂದ ಮಹಿಳಾ ಕೆಡೆಟರೂ ಸೇರುತ್ತಿದ್ದಾರೆ. ಸವಾರಿಯ ಹಳೆಯ ಕೈಪಿಡಿಗಳು ಪುರುಷರ ಅಶ್ವದಳಗಳಿಗಾಗಿ ಹುಟ್ಟಿದವು. ಸ್ತ್ರೀಯರ ಸೊಂಟದ ಎಲುಬಿನ ರಚನೆ ಭಿನ್ನವಾದುದರಿಂದ, ಒಂದೇ ಲಂಬರೇಖೆಯನ್ನು ಎಲ್ಲರ ಮೇಲೂ ಹೇರುವ ಬದಲು ಪ್ರತಿಯೊಬ್ಬರ ಚಲನೆಯನ್ನು ಕುದುರೆಯ ಚಲನೆಯೊಡನೆ ಹೋಲಿಸಿ ಕಲಿಸುವುದು ಹೆಚ್ಚು ಯುಕ್ತ. ಕುದುರೆಯ ನಿಧಾನದ ನಡಿಗೆ ಸವಾರನ ಸೊಂಟಕ್ಕೆ ಕೊಡುವ ಚಲನೆ, ಮನುಷ್ಯನು ತಾನೇ ನಡೆಯುವಾಗ ಸೊಂಟದಲ್ಲಿ ಉಂಟಾಗುವ ಚಲನೆಯನ್ನು ಹೋಲುತ್ತದೆ. ಸೆರೆಬ್ರಲ್ ಪಾಲ್ಸಿಯಂತಹ ವ್ಯಾಧಿಯುಳ್ಳ ಮಕ್ಕಳಿಗೆ ಕುದುರೆಯ ಮೇಲೆ ಕುಳ್ಳಿರಿಸಿ ಚಿಕಿತ್ಸೆ ನೀಡುವ ಕ್ರಮಕ್ಕೆ ಇದೇ ತಳಹದಿ. ಅಂತಹ ಮಗುವಿನ ಬೆನ್ನು ವಾರದಿಂದ ವಾರಕ್ಕೆ ಎಷ್ಟು ಸ್ಥಿರವಾಗುತ್ತಿದೆಯೆಂಬುದನ್ನು ತಂದೆತಾಯಿಗಳ ಆಸೆಗಣ್ಣಿಗೆ ಮಾತ್ರ ಬಿಡದೆ ಅಳೆದು ತೋರಿಸಲು ಸಾಧ್ಯವಾದರೆ, ಅದು ಈ ಯಂತ್ರದ ಸಾರ್ಥಕತೆ.

ಕೊನೆಯದಾಗಿ ನಮ್ಮ ಸಂಘದ ಸದಸ್ಯರಿಗೆ ಒಂದು ಸೂಚನೆ. ಇಂತಹ ಶಾಸ್ತ್ರಗಳನ್ನು ಕನ್ನಡದಲ್ಲಿ ಬರೆಯಹೊರಟಾಗ ಹೊಸ ಶಬ್ದಗಳನ್ನು ಟಂಕಿಸುವ ಮೊದಲು, ಬಳಕೆ ತಪ್ಪಿದ ಹಳೆಯ ಶಬ್ದಗಳನ್ನೂ ಊರಿನ ಜನರ ಬಾಯಲ್ಲಿ ಉಳಿದಿರುವ ಶಬ್ದಗಳನ್ನೂ ಒಮ್ಮೆ ತಡವಿ ನೋಡಬೇಕು. ಕುದುರೆಯ ಲಾಯದಲ್ಲಿ, ಟಾಂಗಾದವರಲ್ಲಿ, ಜಾತ್ರೆಯ ಸವಾರರಲ್ಲಿ ಇನ್ನೂ ಉಳಿದಿರಬಹುದಾದ ಇಂತಹ ಮಾತುಗಳನ್ನು, ಕರ್ನಾಟಕದಲ್ಲಿಯೂ ಈ ಗಡಿನಾಡಿನಲ್ಲಿಯೂ, ಯಾರಾದರೂ ಸಂಗ್ರಹಿಸಿಕೊಟ್ಟರೆ ಮುಂದೆ ಈ ವಿಷಯವನ್ನು ಬರೆಯುವವರ ಕೆಲಸ ಹಗುರವಾದೀತು.